ಪುಡಿ ತಿಕ್ಕಿದ್ರೆ ವಸಡು ಬೆಳೆಯಲ್ಲ ಸ್ವಾಮಿ!

1/6
ಮೊದಲೇ ಹೇಳ್ಬಿಡ್ತೀನಿ. ಹಿಂದೆ ಸರಿದ ವಸಡು ತಾನಾಗಿ ವಾಪಸ್ ಬೆಳೆಯಲ್ಲ. ಲವಂಗದ ಎಣ್ಣೆ, ಇದ್ದಿಲು ಪುಡಿ, ಉಪ್ಪು-ಅರಿಶಿನ, ಯಾವುದರಿಂದಲೂ ಇಲ್ಲ. "ಏಳೇ ದಿನದಲ್ಲಿ ವಸಡು ಬೆಳೆಸಿ" ಅನ್ನೋ ರೀಲ್ಸ್ ನಮ್ಮ ಕ್ಲಾಸ್ ಗ್ರೂಪಲ್ಲೇ ಓಡಾಡ್ತಿವೆ. ಫಾರ್ವರ್ಡ್ ಮಾಡೋರು ನನ್ನ ಫ್ರೆಂಡ್ಸೇ. ಬೇಜಾರಾದ್ರೆ ಆಗ್ಲಿ, ಕೊನೇವರೆಗೂ ಓದಿ.

2/6
ವಸಡು ಯಾಕೆ ಸರಿಯುತ್ತೆ? ಗಟ್ಟಿ ಬ್ರಶ್ ಹಿಡಿದು ಪಾತ್ರೆ ಉಜ್ಜೋ ಹಾಗೆ ಹಲ್ಲುಜ್ಜೋದು. ಹಲ್ಲಿನ ಬುಡದಲ್ಲಿ ಕೊಳೆ ಕಟ್ಟಿ ಕಲ್ಲಾಗಿ, ರೋಗ ಒಳಗಿನ ಮೂಳೆವರೆಗೂ ಇಳಿಯೋದು. ಗುಟ್ಕಾ, ಸಿಗರೇಟು. ಸಾಲು ಬಿಟ್ಟು ಹೊರಗೆ ಬಂದ ಹಲ್ಲು. ಹುಟ್ಟಿನಿಂದಲೇ ತೆಳ್ಳಗಿರೋ ವಸಡು.
ಈಗ ಯೋಚ್ನೆ ಮಾಡಿ. ಜೋರಾಗಿ ಉಜ್ಜಿ ಸವೆದ ಜಾಗಕ್ಕೆ ಒರಟು ಇದ್ದಿಲು ಪುಡಿ ತಿಕ್ಕೋದು ಅಂದ್ರೆ ಏನು? ಗಾಯ ಮಾಡಿದ್ದನ್ನೇ ಔಷಧಿ ಅಂತ ಮಾರಿದ ಹಾಗೆ. ನಮ್ಮ ಚಿಕ್ಕಮ್ಮ ಎರಡು ವರ್ಷ ಇಂಥದ್ದೇ ಪುಡಿ ತಿಕ್ಕಿದ್ರು. ಡಾಕ್ಟರ್ ಹತ್ರ ಹೋಗೋ ಹೊತ್ತಿಗೆ ಒಂದು ಹಲ್ಲು ಅಲ್ಲಾಡ್ತಿತ್ತು. ಕೀಳಿಸಬೇಕಾಯ್ತು.

3/6
"ವಸಡಿಗೂ ಆಪರೇಷನ್ನಾ?" ಅಂತ ನಗ್ತೀರಲ್ಲ, ಹೌದು, ಇದೆ. ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ಮಾಡ್ತಾರೆ.
👉 ಇರೋ ವಸಡನ್ನೇ ಬಿಡಿಸಿ, ಹಲ್ಲಿನ ಕಡೆಗೆ ಎಳೆದು ಹೊಲಿಗೆ ಹಾಕೋದು.
👉 ಅಂಗುಳದ ಒಳಪದರದಿಂದ ಚೂರು ಅಂಗಾಂಶ ತೆಗೆದು, ಆ ವಸಡಿನ ಕೆಳಗಿಟ್ಟು ಹೊಲಿಯೋದು. ಕಾಣಿಸ್ತಿರೋ ಬೇರನ್ನ ಮುಚ್ಚೋಕೆ ಹೆಚ್ಚು ನಂಬಿಕೆ ಇರೋದು ಇದರ ಮೇಲೇನೇ.
👉 ಅಂಗುಳದ ಮೇಲ್ಪದರವನ್ನೇ ತಂದು ಅಂಟಿಸೋದು. ಕೆಳಗಿನ ಮುಂದಿನ ಹಲ್ಲುಗಳ ಹತ್ರ ವಸಡು ದಪ್ಪ ಮಾಡೋಕೆ. ಬಣ್ಣ ಸ್ವಲ್ಪ ಬೇರೆ ಕಾಣುತ್ತೆ.
👉 ಸೂಜಿಯಷ್ಟು ತೂತು ಮಾಡಿ ಒಳಗಿಂದ ವಸಡು ಸಡಿಲಿಸಿ ಸರಿಸೋ ಪಿನ್‌ಹೋಲ್. ಅಂಗುಳ ಕೊಯ್ಯೋ ಹಾಗಿಲ್ಲ, ಆದ್ರೆ ಎರಡನೇದಕ್ಕಿರೋಷ್ಟು ವರ್ಷಗಳ ಪುರಾವೆ ಇದಕ್ಕಿಲ್ಲ.

4/6
ಹಾಗಂತ ಜಾಹೀರಾತಿನ ಕ್ಲಿನಿಕ್‌ಗಳ ಪರ ನಾನು ವಾದ ಮಾಡ್ತಿಲ್ಲ. "ಒಂದೇ ಸಿಟ್ಟಿಂಗ್, ನೂರಕ್ಕೆ ನೂರು ಗ್ಯಾರಂಟಿ" ಅನ್ನೋರೂ ಪುಡಿ ಮಾರೋರ ಅಣ್ಣತಮ್ಮಂದಿರೇ.
ಯಾಕಂದ್ರೆ ಫಲಿತಾಂಶ ನಿಂತಿರೋದು ಎರಡು ಹಲ್ಲುಗಳ ನಡುವಿನ ಆಧಾರದ ಮೇಲೆ. ಅಲ್ಲಿನ ಮೂಳೆ, ಅಂಗಾಂಶ ಗಟ್ಟಿಯಾಗಿದ್ರೆ ಬೇರು ಪೂರ್ತಿ ಮುಚ್ಚೋ ಅವಕಾಶ ಚೆನ್ನಾಗಿದೆ. ಅಲ್ಲಿ ತುಂಬಾ ಕುಸಿದಿದ್ರೆ ಯಾವ ದೊಡ್ಡ ಡಾಕ್ಟರ್ ಬಂದ್ರೂ ಪೂರ್ತಿ ಮುಚ್ಚೋಕಾಗಲ್ಲ. 2011ರಿಂದ ಬಳಕೆಗೆ ಬಂದ ವರ್ಗೀಕರಣ ಇದನ್ನೇ ನೋಡಿ ಮೂರು ವಿಧ ಮಾಡುತ್ತೆ. ಪರೀಕ್ಷೆ ಮಾಡದೆ, ವಾಟ್ಸಾಪ್ ಫೋಟೋ ನೋಡಿ ಗ್ಯಾರಂಟಿ ಕೊಟ್ರೆ ಅಲ್ಲಿಂದ ಎದ್ದು ಬನ್ನಿ.

5/6
ದುಡ್ಡಿನ ಮಾತು. ನಾವು ಬಿಕಾಂನವರು, ಬಿಡೋಕಾಗುತ್ತಾ? ಬಹಳಷ್ಟು ಹೆಲ್ತ್ ಇನ್ಶೂರೆನ್ಸ್‌ಗಳು ಅಪಘಾತ ಆಗದ ಹೊರತು ಹಲ್ಲಿನ ಖರ್ಚು ಕೊಡಲ್ಲ. ಸ್ಟೂಡೆಂಟ್ ಹತ್ರ ದುಡ್ಡೆಲ್ಲಿ ಅಂತೀರಾ? ದಂತ ವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಲ್ಲಿ ಸರ್ಕಾರಿ ಕಾಲೇಜೇ ಇದೆ. ಅಲ್ಲಿನ ವಸಡಿನ ವಿಭಾಗದಲ್ಲಿ ಎಂಡಿಎಸ್ ಓದೋರು ಪ್ರೊಫೆಸರ್‌ಗಳ ಮುಂದೆಯೇ ಚಿಕಿತ್ಸೆ ಮಾಡ್ತಾರೆ. ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ.
ಹೊಸ ಫೋನಿಗೆ ಅಂಗಡೀಲೇ ಸ್ಕ್ರೀನ್ ಗಾರ್ಡ್ ಹಾಕಿಸ್ತೀವಿ, ವಸಡಿಗೆ "ಆಮೇಲೆ ನೋಡೋಣ". ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋ ಗಾದೆ ಅಜ್ಜಂದಿರಿಗೆ ಮಾತ್ರ ಅಂದ್ಕೊಂಡ್ರಾ? ಸಂಬಳ ಬರೋ ಹೊತ್ತಿಗೆ ನಮ್ಮ ಕಥೆಯೂ ಅದೇ.

6/6
ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಸ್ವಲ್ಪ ಸರಿದಿದೆ, ಜುಂ ಅನ್ನಲ್ಲ, ಹೆಚ್ಚಾಗ್ತಿಲ್ಲ ಅಂದ್ರೆ ಮೆತ್ತನೆ ಬ್ರಶ್, ಕ್ಲೀನಿಂಗ್, ಆಗಾಗ ತಪಾಸಣೆ ಸಾಕಾಗಬಹುದು. ಬೇಕು ಅಂದ್ರೆ ಡಾಕ್ಟರ್‌ಗೆ ಈ ನಾಲ್ಕು ಕೇಳಿ:
• ನನ್ನ ವಸಡು ಸರಿದದ್ದು ಯಾಕೆ?
• ಹಲ್ಲುಗಳ ನಡುವಿನ ಮೂಳೆ ಹೇಗಿದೆ?
• ಬೇರು ಎಷ್ಟು ಮುಚ್ಚಬಹುದು?
• ಮಾಡಿಸದಿದ್ರೆ ಏನಾಗುತ್ತೆ?
ಕಾರಣ ನಿಲ್ಲಿಸದೆ ಹೊಲಿಗೆ ಹಾಕಿಸಿದ್ರೆ ವಸಡು ಮತ್ತೆ ಸರಿಯುತ್ತೆ. ಗುಟ್ಕಾ ಬಿಡದೆ ಆಪರೇಷನ್‌ಗೆ ದುಡ್ಡು ಕೂಡಿಡೋ ನನ್ನ ಗೆಳೆಯರೇ, ಈ ಸಾಲು ನಿಮಗೇ.
ಆ ಏಳು ದಿನದ ರೀಲ್ ಇನ್ನೊಮ್ಮೆ ಗ್ರೂಪಿಗೆ ಬಂದ್ರೆ ಅದರ ಕೆಳಗೆ ಈ ನಾಲ್ಕು ಪ್ರಶ್ನೆ ಹಾಕಿ. ಉತ್ತರ ಬಂದ್ರೆ ನನಗೂ ಟ್ಯಾಗ್ ಮಾಡಿ 😏

#ವಸಡು #ಪುಡಿಪುರಾಣ #ಬಿಕಾಂಹುಡುಗರು #ಸೇವ್‌ಮಾಡ್ಕೊಳ್ಳಿ