ವಾಪಸ್ ಕೊಡಲು ಬರದ ಸೋಲಾರ್ ಬಾಡಿಗೆಗೆ ಸಾಲ ಅಂತಲೇ ಹೆಸರು

ಮದುವೆಗೆ ಶಾಮಿಯಾನ ಬಾಡಿಗೆ ತರುತ್ತೇವೆ. ತೊಗರಿ ರಾಶಿಗೆ ಮಷಿನ್ ಬಾಡಿಗೆಗೆ ಕರೆಸುತ್ತೇವೆ. ಕೆಲಸ ಮುಗಿಯಿತು, ಹಣ ಕೊಟ್ಟೆವು, ಲೆಕ್ಕ ಚುಕ್ತಾ. ಕನ್ನೊಳ್ಳಿಯಿಂದ ಮುದ್ದೇಬಿಹಾಳದ ತನಕ ಯಾರನ್ನು ಕೇಳಿದರೂ ಬಾಡಿಗೆಗೆ ಇಷ್ಟೇ ಅರ್ಥ: ಬೇಕಾದಾಗ ತರುವುದು, ಬೇಡವಾದಾಗ ವಾಪಸ್ ಕಳಿಸುವುದು.

ಈಗ ಮನೆ ಸೋಲಾರ್‌ಗೂ ಬಾಡಿಗೆ ಎಂಬ ಮಾತು ಬಂದಿದೆ. "ನೀವು ರೊಕ್ಕ ಹಾಕಬ್ಯಾಡ್ರಿ, ಮಾಳಿಗಿ ಕೊಡ್ರಿ ಸಾಕು, ತಿಂಗಳಾ ತಿಂಗಳಾ ಬಾಡಿಗಿ ಕಟ್ಟಿದ್ರಾತು" ಎಂಬ ಧಾಟಿ. ಕೇಳಲು ಚೆನ್ನಾಗಿದೆ. ಆದರೆ ಕರಾರು ಹತ್ತಿಪ್ಪತ್ತು ವರ್ಷದ್ದಾಗಿದ್ದು, ನಡುವೆ ಬೇಡವೆಂದರೆ ದಂಡ ಕಟ್ಟಬೇಕು ಎಂದಿದ್ದರೆ ಅದು ಬಾಡಿಗೆಯೇ? ನಮ್ಮ ಮಾತು ಸ್ಪಷ್ಟ. ವಾಪಸ್ ಕೊಡುವ ಹಕ್ಕಿಲ್ಲದ ಬಾಡಿಗೆ ಸಾಲವೇ. ಸಾಲವನ್ನೇ ಮಾಡುವುದಾದರೆ ವಸ್ತುವಾದರೂ ನಮ್ಮ ಹೆಸರಿಗೆ ಇರಲಿ.

ಮೊದಲು ಬಿಲ್ ನೋಡಿ

ಬಾಡಿಗೆಯೋ ಖರೀದಿಯೋ ಎನ್ನುವ ಮೊದಲು ಬೇಕೋ ಬೇಡವೋ ಎಂದು ಕೇಳಿಕೊಳ್ಳಬೇಕು. 2023ರ ಜುಲೈನಿಂದ ಗೃಹಜ್ಯೋತಿ ಇದೆ. 2022-23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ. ಎರಡು ಫ್ಯಾನ್, ನಾಲ್ಕು ಬಲ್ಬ್, ಒಂದು ಟಿವಿ ಇರುವ ಮನೆಗೆ ಬರುವುದು ಸೊನ್ನೆ ಬಿಲ್. ಸೊನ್ನೆಯಲ್ಲಿ ಉಳಿಸುವುದು ಏನನ್ನು?

ಲೆಕ್ಕ ಹಾಕೋಣ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30 ಸಾವಿರ, 2ಕ್ಕೆ 60 ಸಾವಿರ, 3 ಅಥವಾ ಹೆಚ್ಚಿದ್ದರೆ 78 ಸಾವಿರ ರೂಪಾಯಿ ಸಬ್ಸಿಡಿ. ಈ ಸಬ್ಸಿಡಿ ನಿಗದಿ ಮಾಡುವಾಗ ಸರ್ಕಾರ ಹಿಡಿದ ದರದಂತೆ 3 ಕಿಲೋವ್ಯಾಟ್‌ಗೆ 1.45 ಲಕ್ಷ. ಮಾರುಕಟ್ಟೆಯಲ್ಲಿ ಹೆಚ್ಚೇ ಹೇಳುತ್ತಾರೆ. ಸರ್ಕಾರಿ ದರದಲ್ಲೇ ಸಿಕ್ಕಿತು ಎಂದುಕೊಳ್ಳಿ. ಸಬ್ಸಿಡಿ ಕಳೆದು ಉಳಿಯುವುದು 67 ಸಾವಿರ. ಶೇ 7ರ ಬಡ್ಡಿಗೆ 10 ವರ್ಷದ ಸಾಲ ಮಾಡಿದರೆ ತಿಂಗಳಿಗೆ 780 ರೂಪಾಯಿಯ ಹತ್ತಿರ ಕಂತು. ಸೊನ್ನೆ ಬಿಲ್ಲಿನ ಮನೆಯವರು ಈ ಕಂತನ್ನು ಯಾವ ಉಳಿತಾಯದಿಂದ ಕಟ್ಟಬೇಕು? ಮಿಕ್ಕ ಯೂನಿಟ್ ಹೆಸ್ಕಾಂಗೆ ಕೊಟ್ಟರೆ ಹಣ ಬರುತ್ತದೆ ನಿಜ. ಆದರೆ ಅವರು ಕೊಡುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ.

"ಗೃಹಜ್ಯೋತಿ ನಾಳೆ ನಿಂತರೆ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಯೂನಿಟ್‌ಗೆ 6 ರೂಪಾಯಿಯಂತೆ ಹಿಡಿದರೂ 60 ಯೂನಿಟ್ ಸುಡುವ ಮನೆಗೆ 360 ರೂಪಾಯಿ, ಮೇಲೆ ನಿಗದಿತ ಶುಲ್ಕ. ಅದಕ್ಕಾಗಿ 3 ಕಿಲೋವ್ಯಾಟ್ ಬೇಕಿಲ್ಲ. 1 ಕಿಲೋವ್ಯಾಟ್ ತಿಂಗಳಿಗೆ ಸುಮಾರು 120 ಯೂನಿಟ್ ಕೊಡುತ್ತದೆ. ಸಬ್ಸಿಡಿ ದೊಡ್ಡದಿದೆ ಎಂದು ಪ್ಯಾನೆಲ್ ದೊಡ್ಡದು ಮಾಡಬೇಡಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಬಳಕೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಫ್ರಿಜ್, ಗೀಜರ್, ಎಸಿ ಇಟ್ಟುಕೊಂಡು ತಿಂಗಳಾ ತಿಂಗಳಾ ಸಾವಿರದ ಮೇಲೆ ಕಟ್ಟುವ ಮನೆಯವರು ಖರೀದಿಸಲಿ. ಪ್ಯಾನೆಲ್‌ಗೆ ಸಾಮಾನ್ಯವಾಗಿ 25 ವರ್ಷದ ವಾರಂಟಿ ಇರುತ್ತದೆ. ನಮ್ಮ ಬಿಸಿಲಿಗೆ ಬರವಿಲ್ಲ. ಅಂಥವರಿಗೆ ಖರೀದಿಯೇ ಲಾಭ, ಬಾಡಿಗೆಯ ಗೊಡವೆ ಬೇಡ.

ಕರೆಂಟ್ ಹೋದರೆ ಸೋಲಾರೂ ಹೋಗುತ್ತದೆ

ಮಾರುವವರು ಮೆಲ್ಲಗೆ ಹೇಳುವ, ಕೆಲವೊಮ್ಮೆ ಹೇಳದೇ ಬಿಡುವ ಸಂಗತಿ ಒಂದಿದೆ. ಸಬ್ಸಿಡಿಯಲ್ಲಿ ಹಾಕುವ ಮಾಮೂಲಿ ಸೋಲಾರ್ ಹೆಸ್ಕಾಂ ಲೈನ್‌ಗೆ ಜೋಡಿಸಿದ್ದು, ಬ್ಯಾಟರಿ ಇಲ್ಲದ್ದು. ಲೈನ್ ಹೋದ ಕೂಡಲೇ ಅದರ ಇನ್ವರ್ಟರ್ ತಾನೇ ಬಂದ್ ಆಗುತ್ತದೆ. ಇಲ್ಲದಿದ್ದರೆ ಮನೆಯ ಕರೆಂಟ್ ಲೈನ್‌ಗೆ ಹರಿದು ಕಂಬದ ಮೇಲಿನ ಲೈನ್‌ಮನ್‌ಗೆ ಅಪಾಯ. ಅಂದರೆ ಮಾಳಿಗೆ ತುಂಬ ಪ್ಯಾನೆಲ್ ಇದ್ದರೂ, ಕರೆಂಟ್ ಹೋದಾಗ ಮನೆ ಕತ್ತಲೆ.

ನಮ್ಮ ಹಳ್ಳಿಗಳಿಗೆ ಬೇಕಾದದ್ದು ಅಗ್ಗದ ಯೂನಿಟ್‌ಗಿಂತ ಹೆಚ್ಚಾಗಿ ಹೋಗದ ಬೆಳಕು. ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಸ್ಥಾವರ ಇರುವ ಜಿಲ್ಲೆ ನಮ್ಮದು. ಆದರೂ ಹೊಲದ ವಸ್ತಿ ಮನೆಯವರು ಪಂಪ್‌ಸೆಟ್ ಲೈನಿನ ಪಾಳಿಗೆ ಕಾಯುತ್ತಾರೆ. ಇವರಿಗೆ ಬೇಕಿರುವುದು ಸಣ್ಣ ಪ್ಯಾನೆಲ್, ಒಂದು ಬ್ಯಾಟರಿ, ನಾಲ್ಕು ದೀಪ, ಮೊಬೈಲ್ ಚಾರ್ಜರ್.

ಇದು ಹೊಸ ಮಾತೂ ಅಲ್ಲ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಶುರು ಮಾಡಿದ ಸೆಲ್ಕೋ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಸಣ್ಣ ದೀಪಗಳನ್ನೇ ಮಾರಿತು. ಗ್ರಾಮೀಣ ಬ್ಯಾಂಕುಗಳು ಸಾಲ ಕೊಟ್ಟವು, ದುರಸ್ತಿಗೆ ಹತ್ತಿರದಲ್ಲೇ ಜನರಿದ್ದರು. ಕಂತು ಮುಗಿದ ದಿನ ದೀಪ ಮನೆಯವರದಾಯಿತು. 2011ರ ಸುಮಾರಿಗೆ ಬೆಂಗಳೂರಿನ ಸಿಂಪಾ ನೆಟ್‌ವರ್ಕ್ಸ್, ಮೊಬೈಲ್ ರೀಚಾರ್ಜ್ ಮಾಡಿದಂತೆ ಹಣ ಕಟ್ಟಿ ಸೋಲಾರ್ ಬಳಸುವ ಕ್ರಮ ತಂದಿತು. ಅಲ್ಲಿಯೂ ಪೂರ್ತಿ ಬೆಲೆ ಸಂದ ಮೇಲೆ ಯಂತ್ರದ ಬೀಗ ಶಾಶ್ವತವಾಗಿ ತೆರೆಯುತ್ತಿತ್ತು. ಎರಡರಲ್ಲೂ ಕಟ್ಟುವುದಕ್ಕೆ ಒಂದು ಕೊನೆ ಇತ್ತು.

"ಕನಿಷ್ಠ" ಎಂಬ ಮಾತಿನ ಮೇಲೆ ಬೆರಳಿಡಿ

ಸೂರ್ಯಘರ್ ಯೋಜನೆಯಲ್ಲೂ ಕಂಪನಿಯೇ ಹಣ ಹಾಕಿ ಮಾಳಿಗೆ ಬಳಸುವ ದಾರಿ ಇದೆ. 2024ರ ಡಿಸೆಂಬರ್‌ನಲ್ಲಿ ಇದರ ನಿಯಮ ಬಂತು. ಕನಿಷ್ಠ 5 ವರ್ಷ ಕಂಪನಿಯ ಒಡೆತನ, ಕರಾರು ಮುಗಿದ ಮೇಲೆ ಮನೆಯವರಿಗೆ. ಈ "ಕನಿಷ್ಠ" ಎಂಬುದು 5 ಆಗಿರುತ್ತದೋ 20 ಆಗಿರುತ್ತದೋ ಹೇಳುವುದು ನೀವು ಸಹಿ ಹಾಕುವ ಕಾಗದ. ಅಮೆರಿಕದಲ್ಲಿ ಜನ 20, 25 ವರ್ಷದ ಬಾಡಿಗೆಗೆ ಸಹಿ ಹಾಕಿದರು. 2025ರ ಜೂನ್‌ನಲ್ಲಿ ಅಲ್ಲಿನ ದೊಡ್ಡ ಕಂಪನಿ ಸನ್ನೋವಾ ದಿವಾಳಿ ಅರ್ಜಿ ಹಾಕಿತು. ಅಷ್ಟು ದೊಡ್ಡವರ ಗತಿಯೇ ಹೀಗಾದರೆ, ಇನ್ನು ಹತ್ತು ವರ್ಷಕ್ಕೆ ನಮ್ಮೂರಿಗೆ ಬಂದು ಇನ್ವರ್ಟರ್ ರಿಪೇರಿ ಮಾಡುವವರು ಯಾರು?

ಹಾಗಾದರೆ ಬಾಡಿಗೆ ಯಾರಿಗೆ?

ಬಾಡಿಗೆಯೇ ಬೇಡ ಎನ್ನುವವರಲ್ಲ ನಾವು. ಗುಳೆ ಹೋಗುವ ಮನೆ ವರ್ಷದಲ್ಲಿ ಎಷ್ಟೋ ತಿಂಗಳು ಬೀಗ ಹಾಕಿರುತ್ತದೆ. ಮಣ್ಣಿನ ಮಾಳಿಗೆ, ಪತ್ರಾಸ್ ಮನೆಗೆ ಭಾರದ ಪ್ಯಾನೆಲ್ ಕಷ್ಟ. ಮೀಟರ್ ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ಸಬ್ಸಿಡಿಗೆ ತೊಡಕು. ಇಂಥವರಿಗೆ ಖರೀದಿಯ ಉಪದೇಶ ಮಾಡುವುದು ಹಸಿದವನಿಗೆ ಅಡುಗೆ ಪುಸ್ತಕ ಕೊಟ್ಟಂತೆ.

ಅವರಿಗೆ ನಿಜವಾದ ಬಾಡಿಗೆ ಬೇಕು. ಹಗಲು ಒಂದೇ ಕಡೆ ಸೋಲಾರ್‌ನಿಂದ ಬ್ಯಾಟರಿ ಚಾರ್ಜ್ ಮಾಡಿ, ಸಂಜೆ ಬೀದಿ ವ್ಯಾಪಾರಿಗಳಿಗೆ ದೀಪ ಬಾಡಿಗೆ ಕೊಡುವ ಪದ್ಧತಿಯನ್ನು ಸೆಲ್ಕೋ ಈ ನಾಡಿನಲ್ಲೇ ನಡೆಸಿ ತೋರಿಸಿದೆ. ಅವತ್ತಿನ ದುಡಿಮೆಯಲ್ಲಿ ಅವತ್ತಿನ ಬಾಡಿಗೆ, ಬೇಡವಾದರೆ ವಾಪಸ್. ಪಂಚಾಯತಿ ಒಂದು ಕೋಣೆ ಕೊಟ್ಟು, ಮಹಿಳಾ ಸಂಘಕ್ಕೆ ವಹಿಸಿದರೆ ಇದನ್ನು ಪ್ರತಿ ಊರಲ್ಲೂ ಮಾಡಬಹುದು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ. ಕಾಂಕ್ರೀಟ್ ಮಾಳಿಗೆ ಇದ್ದವರಿಗೆ 78 ಸಾವಿರ ಕೊಡುವ ಸರ್ಕಾರ, ಮಾಳಿಗೆಯೇ ಇಲ್ಲದವರಿಗೆ ಒಂದು ದೀಪದ ವ್ಯವಸ್ಥೆ ಮಾಡಲಿ.

ಅಲ್ಲಿಯ ತನಕ ಯಾರೇ ಕಾಗದ ಹಿಡಿದು ಬಾಗಿಲಿಗೆ ಬಂದರೂ ಐದು ಪ್ರಶ್ನೆ ಕೇಳಿ:

1. ಎಷ್ಟು ವರ್ಷಕ್ಕೆ ಇದು ನನ್ನದಾಗುತ್ತದೆ?
2. ನಡುವೆ ಬೇಡ ಎಂದರೆ ಒಯ್ಯುತ್ತೀರಾ, ದಂಡ ಎಷ್ಟು?
3. ಬಾಡಿಗೆ ವರ್ಷದಿಂದ ವರ್ಷಕ್ಕೆ ಏರುತ್ತದೆಯೇ?
4. ಕರೆಂಟ್ ಹೋದಾಗ ದೀಪ ಉರಿಯುತ್ತದೆಯೇ?
5. ಕೆಟ್ಟರೆ ಎಷ್ಟು ದಿನದಲ್ಲಿ, ಯಾವ ಊರಿನಿಂದ ಬರುತ್ತೀರಿ?

ಉತ್ತರ ಬಾಯಲ್ಲಿ ಬೇಡ, ಕನ್ನಡದಲ್ಲಿ ಬರೆದು ಸಹಿ ಹಾಕಿ ಕೊಡಲಿ. ಕೊಡಲು ಒಪ್ಪದಿದ್ದರೆ ಚಹಾ ಕುಡಿಸಿ ಕಳಿಸಿ. ನಿಮ್ಮ ಮಾಳಿಗೆ ಎಲ್ಲೂ ಓಡಿ ಹೋಗುವುದಿಲ್ಲ, ಬಿಸಿಲಂತೂ ನಾಳೆಯೂ ಬರುತ್ತದೆ.