ಬೀಜ, ಹೊಲ ಮತ್ತು ಬಂಜೆಯೆಂಬ ಮಾತು

ಮದುವೆಯಾಗಿ ಎರಡು ವರ್ಷ ಕಳೆದರೂ ಮಗುವಾಗದಿದ್ದರೆ ಊರಿನಿಂದ ಬರುವ ಫೋನ್ ಕರೆಗಳ ಧಾಟಿಯೇ ಬದಲಾಗುತ್ತದೆ. ‘ಏನಾದರೂ ವಿಶೇಷ ಇದೆಯಾ?’ ಎಂಬ ಪ್ರಶ್ನೆ ಸೊಸೆಗೆ ಬರುತ್ತದೆ, ಮಗನಿಗಲ್ಲ. ಹರಕೆ ಹೊರುವವಳು, ಉಪವಾಸ ಹಿಡಿಯುವವಳು, ಕೊನೆಗೆ ಸ್ಕ್ಯಾನಿಂಗ್ ಮೇಜಿನ ಮೇಲೆ ಮಲಗುವವಳು ಅವಳೇ. ಕನ್ನಡದಲ್ಲಿ ಬಂಜೆ ಎಂಬ ಪದವಿದೆ. ದಿನಬಳಕೆಯಲ್ಲಿ ಅದಕ್ಕೆ ಸರಿಸಮನಾದ ಪುಲ್ಲಿಂಗ ಪದವಿಲ್ಲ. ಗಂಡಸಿಗೆ ಇರುವ ಬೈಗುಳಗಳು ಹಂಗಿಸುವುದು ಅವನ ಲೈಂಗಿಕ ಸಾಮರ್ಥ್ಯವನ್ನು. ಅಲ್ಲಿ ಅವನು ‘ಸರಿ’ ಇದ್ದರೆ ಉಳಿದ ತಪ್ಪೆಲ್ಲ ಹೆಂಡತಿಯದು ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ.

ಈ ತೀರ್ಮಾನ ಶರೀರಶಾಸ್ತ್ರದ ಪ್ರಕಾರ ತಪ್ಪು. ಶಿಶ್ನ ನಿಮಿರುವುದು ನರ ಮತ್ತು ರಕ್ತನಾಳಗಳ ಕೆಲಸ: ಅಪಧಮನಿಗಳು ಸಡಿಲಗೊಂಡು ರಕ್ತ ನುಗ್ಗುತ್ತದೆ, ಹೊರಹೋಗುವ ದಾರಿ ಒತ್ತಿಕೊಳ್ಳುತ್ತದೆ. ವೀರ್ಯಾಣು ತಯಾರಾಗುವುದು ವೃಷಣದೊಳಗೆ, ಬೇರೆಯೇ ವ್ಯವಸ್ಥೆಯಲ್ಲಿ. ಹೊರಬರುವ ವೀರ್ಯದ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ದ್ರವ. ವೀರ್ಯಾಣುಗಳ ಪಾಲು ಅತ್ಯಲ್ಪ. ಹೀಗಾಗಿಯೇ ವಾಸೆಕ್ಟಮಿ ಮಾಡಿಸಿಕೊಂಡವನಿಗೂ ವೀರ್ಯಸ್ಖಲನ ಮೊದಲಿನಂತೆಯೇ ಆಗುತ್ತದೆ. ಸಂಸಾರದಲ್ಲಿ ಯಾವ ಕೊರತೆಯೂ ಇಲ್ಲದ ಗಂಡಸಿನ ವೀರ್ಯದಲ್ಲಿ ಒಂದೇ ಒಂದು ವೀರ್ಯಾಣು ಇಲ್ಲದಿರಬಹುದು. ಅದನ್ನು ಕಣ್ಣಿನಿಂದ ಅಳೆಯಲಾಗದು, ಸೂಕ್ಷ್ಮದರ್ಶಕವೇ ಬೇಕು.

ಹೆಣ್ಣಿನ ಮೇಲೆ ಹೊರಿಸುವ ಇನ್ನೊಂದು ಹೊರೆಯೂ ಇಂಥದೇ. ಉದ್ರೇಕಗೊಂಡಾಗ ಯೋನಿಯ ಗೋಡೆಗೆ ರಕ್ತ ತುಂಬಿ, ತೇವ ಜಿನುಗಿ, ಯೋನಿ ಉದ್ದವಾಗಿ ಹಿಗ್ಗುತ್ತದೆ. ಸಂಭೋಗ ನೋವಿಲ್ಲದೆ ಸಾಗಲು, ಸುಖವಾಗಲು ಇದು ಬೇಕು. ಆದರೆ ಗರ್ಭ ನಿಲ್ಲಲು ಅವಳಿಗೆ ಸುಖ ಸಿಗಲೇಬೇಕೆಂಬ ನಿಯಮವಿಲ್ಲ. ಅಂಡ ಬಿಡುಗಡೆಯಾಗುವುದು ಮಿದುಳು ಮತ್ತು ಅಂಡಾಶಯದ ಹಾರ್ಮೋನುಗಳ ಲೆಕ್ಕಾಚಾರದಿಂದ. ಸುಖವಿಲ್ಲದೆ ಗರ್ಭವಿಲ್ಲ ಎಂದು ನಂಬಿದ್ದ ಕಾಲದ ಯುರೋಪಿನಲ್ಲಿ, ಅತ್ಯಾಚಾರದಿಂದ ಬಸಿರಾದವಳು ಒಪ್ಪಿಯೇ ಇದ್ದಳೆಂದು ವಾದಿಸುತ್ತಿದ್ದರು. ಶರೀರದ ಬಗೆಗಿನ ಒಂದು ತಪ್ಪು ತಿಳಿವಳಿಕೆಯಿಂದ ನ್ಯಾಯವೇ ತಲೆಕೆಳಗಾಗಿತ್ತು.

ನಮ್ಮ ಕಡೆಯ ತಪ್ಪು ತಿಳಿವಳಿಕೆಯ ಹೆಸರು ಬೀಜ ಮತ್ತು ಹೊಲ. ಗಂಡು ಬೀಜ, ಹೆಣ್ಣು ಕ್ಷೇತ್ರ ಎಂಬ ಹೋಲಿಕೆ ಮನುಸ್ಮೃತಿಯ ಒಂಬತ್ತನೇ ಅಧ್ಯಾಯದಲ್ಲಿದೆ. ಗ್ರೀಸಿನ ಅರಿಸ್ಟಾಟಲ್ ಕೂಡ ತಾಯಿಯದು ಬರೀ ಸಾಮಗ್ರಿ, ರೂಪ ಕೊಡುವವನು ತಂದೆ ಎಂದಿದ್ದ. ವಿಜ್ಞಾನವೂ ಬಹುಕಾಲ ಇದೇ ಗುಂಗಿನಲ್ಲಿತ್ತು. 1677ರಲ್ಲಿ ಲೇವನ್‌ಹುಕ್ ವೀರ್ಯಾಣುಗಳನ್ನು ಕಂಡ. 1694ರಲ್ಲಿ ಹಾರ್ಟ್‌ಸೂಕರ್ ವೀರ್ಯಾಣುವಿನ ತಲೆಯೊಳಗೆ ಮುದುಡಿ ಕುಳಿತ ಪುಟ್ಟ ಮನುಷ್ಯನ ಚಿತ್ರವನ್ನೇ ಬರೆದ. ಸಸ್ತನಿಗಳ ಅಂಡವನ್ನು ಕಾರ್ಲ್ ಅರ್ನ್ಸ್ಟ್ ವಾನ್ ಬೇಯರ್ ನಾಯಿಯೊಂದರಲ್ಲಿ ಗುರುತಿಸಿದ್ದು 1827ರಲ್ಲಿ, ಅಂದರೆ ನೂರೈವತ್ತು ವರ್ಷ ತಡವಾಗಿ. 1876ರಲ್ಲಿ ಆಸ್ಕರ್ ಹರ್ಟ್‌ವಿಗ್ ಕಡಲ ಜೀವಿಯೊಂದರಲ್ಲಿ ಎರಡು ಕೋಶಕೇಂದ್ರಗಳು ಒಂದಾಗುವುದನ್ನು ನೋಡಿದ ಮೇಲೆ, ಬೀಜದಲ್ಲಿ ಇಬ್ಬರದೂ ಪಾಲಿದೆ ಎಂಬುದು ಖಚಿತವಾಯಿತು.

ಹೊಲವೆಂದು ಕರೆಸಿಕೊಂಡ ಆ ದೇಹ ಸುಮ್ಮನೆ ಬಿದ್ದಿರುವುದೂ ಇಲ್ಲ. ಅಂಡ ಬಿಡುಗಡೆಯ ದಿನಗಳು ಹತ್ತಿರವಾದಾಗ ಗರ್ಭಕೊರಳಿನ ಲೋಳೆ ತೆಳುವಾಗಿ ದಾರಿ ಬಿಡುತ್ತದೆ, ಉಳಿದ ದಿನ ಗಟ್ಟಿಯಾಗಿ ಬಾಗಿಲು ಹಾಕುತ್ತದೆ. ಕೋಟಿಗಟ್ಟಲೆ ವೀರ್ಯಾಣುಗಳಲ್ಲಿ ಅಂಡದ ಸಮೀಪ ತಲುಪುವುವು ಕೆಲವು ನೂರು ಮಾತ್ರ. ಹೊರಬಂದ ಕೂಡಲೇ ಅವುಗಳಿಗೆ ಅಂಡವನ್ನು ಹೊಗುವ ಶಕ್ತಿಯೂ ಇರುವುದಿಲ್ಲ. ಹೆಣ್ಣಿನ ಜನನಾಂಗದಲ್ಲಿ ಕೆಲವು ಗಂಟೆ ಕಳೆದ ಮೇಲೆ ಅದು ಬರುತ್ತದೆ. ಇದನ್ನು 1951ರಲ್ಲಿ ಚಾಂಗ್ ಮತ್ತು ಆಸ್ಟಿನ್ ಬೇರೆಬೇರೆಯಾಗಿ ತೋರಿಸಿದರು.

ಇನ್ನು ಕಾಲದ ಲೆಕ್ಕ. ಅಂಡ ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಐದು ದಿನದವರೆಗೂ ಬದುಕಬಹುದು. ಗರ್ಭ ನಿಲ್ಲುವ ಸಾಧ್ಯತೆ ಇರುವುದು ಅಂಡ ಬಿಡುಗಡೆಯ ದಿನ ಮತ್ತು ಅದರ ಹಿಂದಿನ ಐದು ದಿನ, ಒಟ್ಟು ಆರು ದಿನ. ಒಬ್ಬರು ಪುಣೆಯಲ್ಲಿ, ಇನ್ನೊಬ್ಬರು ಹೈದರಾಬಾದಿನಲ್ಲಿ ದುಡಿಯುತ್ತ ಎರಡು ವಾರಕ್ಕೊಮ್ಮೆ ಭೇಟಿಯಾಗುವ ದಂಪತಿಗೆ ಆ ಆರು ದಿನಗಳು ತಿಂಗಳ ಮೇಲೆ ತಿಂಗಳು ತಪ್ಪಿಹೋಗಬಹುದು. ಅಲ್ಲಿ ಯಾರ ದೇಹದಲ್ಲೂ ದೋಷವಿಲ್ಲ, ರೈಲಿನ ಟಿಕೆಟ್ ಮತ್ತು ಋತುಚಕ್ರ ಹೊಂದಿಕೆಯಾಗಿಲ್ಲ, ಅಷ್ಟೆ.

ಹಾಗೆಂದು ಅಪವಾದವನ್ನು ಹೆಂಡತಿಯಿಂದ ಗಂಡನಿಗೆ ವರ್ಗಾಯಿಸಿದರೆ ಏನೂ ಸಾಧಿಸಿದಂತಾಗದು. ಗರ್ಭನಾಳ ಮುಚ್ಚಿಕೊಂಡಿರುವುದು, ಅಂಡ ಬಿಡುಗಡೆ ಏರುಪೇರಾಗುವುದು, ಜನನಾಂಗದ ಕ್ಷಯ, ಏರುವ ವಯಸ್ಸು ಇವೆಲ್ಲ ನಿಜವಾದ ಕಾರಣಗಳು. ಆದರೆ ಮಗುವಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಕಾರಣವೂ ಇರುತ್ತದೆ, ಒಂಟಿಯಾಗಿ ಇಲ್ಲವೇ ಹೆಣ್ಣಿನ ಕಾರಣದ ಜೊತೆ ಸೇರಿ. ವೀರ್ಯಪರೀಕ್ಷೆಗೆ ಸೂಜಿಯಿಲ್ಲ, ಅರಿವಳಿಕೆಯಿಲ್ಲ, ಹೆಚ್ಚು ಖರ್ಚೂ ಇಲ್ಲ. ಹೆಣ್ಣಿನ ಗರ್ಭನಾಳಕ್ಕೆ ಬಣ್ಣ ಹಾಯಿಸಿ ತೆಗೆಯುವ ಎಕ್ಸ್‌ರೇಯಾಗಲಿ ಲ್ಯಾಪರೊಸ್ಕೋಪಿಯಾಗಲಿ ಅಷ್ಟು ಸುಲಭವಲ್ಲ. ಸುಲಭದ್ದನ್ನು ಬಿಟ್ಟು ಕಷ್ಟದ್ದನ್ನು ಮೊದಲು ಮಾಡಿಸುವುದಕ್ಕೆ ವೈದ್ಯಕೀಯ ಕಾರಣವಿಲ್ಲ; ಇರುವುದು ಗಂಡಸಿನ ಮರ್ಯಾದೆಯ ಅಂಜಿಕೆ. ಆ ಅಂಜಿಕೆ ಅವನಿಗೂ ಒಳ್ಳೆಯದಲ್ಲ. ವೀರ್ಯಾಣು ರೂಪುಗೊಳ್ಳಲು ಎರಡೂವರೆ ತಿಂಗಳು ಹಿಡಿಯುತ್ತದೆ. ಸಿಗರೇಟು ಬಿಟ್ಟರೆ, ಯಾವುದೋ ಔಷಧಿಯನ್ನು ವೈದ್ಯರ ಸಲಹೆಯಂತೆ ಬದಲಿಸಿದರೆ, ಮೂರ್ನಾಲ್ಕು ತಿಂಗಳಲ್ಲಿ ಫಲಿತಾಂಶ ಸುಧಾರಿಸಲೂಬಹುದು. ಪರೀಕ್ಷೆಯನ್ನು ಮುಂದೂಡಿದಷ್ಟೂ ಕಳೆಯುವುದು ಹೆಂಡತಿಯ ವಯಸ್ಸು.

ಆದ್ದರಿಂದ ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋಗಬೇಕು. ಹೆಂಡತಿಯ ಮೊದಲ ಸ್ಕ್ಯಾನಿಂಗ್ ನಡೆಯುವ ವಾರದಲ್ಲೇ ಗಂಡನ ವೀರ್ಯಪರೀಕ್ಷೆಯೂ ಆಗಲಿ. ಊರಿನಿಂದ ಫೋನ್ ಬಂದಾಗ ಉತ್ತರಿಸುವ ಹೊಣೆಯನ್ನು ಸ್ವಲ್ಪ ದಿನ ಗಂಡನೇ ವಹಿಸಿಕೊಳ್ಳಲಿ. ಮಗು ಆಗುವುದೋ ಇಲ್ಲವೋ, ಬಂಜೆಯೆಂಬ ಮಾತನ್ನು ಅವಳೊಬ್ಬಳೇ ಕೇಳಿಸಿಕೊಳ್ಳುವುದಾದರೂ ತಪ್ಪುತ್ತದೆ.