ನೋಡಲು ಚೆನ್ನಾಗಿಯೇ ಇದ್ದಾಳಲ್ಲ!

‘ಈಗ ಆರಾಮಾಗಿದ್ದೀಯಲ್ಲ, ಇನ್ನೂ ಯಾಕೆ ಆ ಮಾತ್ರೆ ನುಂಗ್ತೀಯ?’

ಲೂಪಸ್ ಇರುವ ಹೆಣ್ಣುಮಗಳಿಗೆ ಈ ಮಾತು ಹೇಳುವವರು ವೈರಿಗಳಲ್ಲ. ಅತ್ತೆ ಹೇಳುತ್ತಾರೆ, ಗಂಡ ಹೇಳುತ್ತಾನೆ, ಹೆತ್ತ ತಾಯಿಯೂ ಹೇಳುತ್ತಾಳೆ. ಅಷ್ಟೊಂದು ಮಾತ್ರೆ ಉಷ್ಣ, ಮಕ್ಕಳಾಗುವುದಿಲ್ಲ, ಕಣ್ಣು ಹೋಗುತ್ತದೆ ಎಂಬ ದಿಗಿಲು ಅದರ ಹಿಂದಿದೆ. ಕಕ್ಕುಲಾತಿಯಿಂದಲೇ ಬಂದ ಮಾತು, ಒಪ್ಪೋಣ. ಆದರೆ ಆ ಕಕ್ಕುಲಾತಿ ಆಕೆಯ ಮೂತ್ರಪಿಂಡವನ್ನೇ ಬಲಿ ತೆಗೆದುಕೊಳ್ಳಬಹುದು. ಅದಕ್ಕೇ ಈ ಮೊರೆ.

ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬಿದ್ದರೆ ಅದು ಲೂಪಸ್. ಒಬ್ಬಳ ಕೀಲು ಹಿಡಿಯುತ್ತದೆ, ಇನ್ನೊಬ್ಬಳ ಕೆನ್ನೆ, ಮೂಗಿನ ಮೇಲೆ ಕೆಂಪಾಗಿ ಹರಡುತ್ತದೆ, ಮತ್ತೊಬ್ಬಳ ಕೂದಲು ಉದುರಿ ಮೂತ್ರಪಿಂಡ ಸೋರುತ್ತದೆ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಹೆಚ್ಚಿನವರಿಗೆ ಇದು ಶುರುವಾಗುವುದು 15ರಿಂದ 45ರೊಳಗೆ. ಇದು ಅಂಟುರೋಗವಲ್ಲ. ಮುಖದ ಕಲೆ ಕಂಡು ನಾಗದೋಷ ಅನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ. ಹರಕೆ ಹೊರುವವರು ಹೊರಲಿ, ನನ್ನ ತಕರಾರಿಲ್ಲ. ಹರಕೆ ತೀರಿಸಲು ಹೋಗುವಾಗ ಮಾತ್ರೆಯ ಡಬ್ಬಿಯೂ ಜತೆಗಿರಲಿ.

ಅಮೆರಿಕದ ಕತೆಗಾರ್ತಿ ಫ್ಲ್ಯಾನರಿ ಓಕಾನರ್ 1964ರಲ್ಲಿ ಈ ಕಾಯಿಲೆಯಿಂದ ತೀರಿಕೊಂಡಾಗ ಆಕೆಗೆ 39 ವರ್ಷ. ಆಕೆಯ ಅಪ್ಪನನ್ನು ಒಯ್ದದ್ದೂ ಇದೇ. 1950ರ ದಶಕದಲ್ಲಿ ಲೂಪಸ್ ಪತ್ತೆಯಾದವರಲ್ಲಿ ಅರ್ಧದಷ್ಟು ಜನ ಐದು ವರ್ಷ ಕಾಣುತ್ತಿರಲಿಲ್ಲ. ಈಗ ಸರಿಯಾದ ಚಿಕಿತ್ಸೆ ಸಿಕ್ಕವರಲ್ಲಿ ಬಹುಪಾಲು ಮಂದಿ ದಶಕಗಟ್ಟಲೆ ಬದುಕುತ್ತಾರೆ, ದುಡಿಯುತ್ತಾರೆ, ಮಕ್ಕಳನ್ನು ಹೆರುತ್ತಾರೆ. ಆದರೆ ಕಾಯಿಲೆ ಬುಡಸಮೇತ ಹೋಗಿರುವುದಿಲ್ಲ. ಅದು ತಣ್ಣಗಾಗಿರುತ್ತದೆ. ವೈದ್ಯರು ‘ರೆಮಿಷನ್’ ಅನ್ನುವುದು ಇದಕ್ಕೆ.

ನಾವು ಎಡವುವುದೂ ಇಲ್ಲೇ. 2021ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ರೆಮಿಷನ್ ಎಂದರೇನೆಂದು ಸ್ಪಷ್ಟಪಡಿಸಿತು. ಪರೀಕ್ಷಿಸಿದಾಗ ರೋಗ ಚುರುಕಾಗಿರುವ ಯಾವ ಗುರುತೂ ಇರಬಾರದು, ವೈದ್ಯರ ಒಟ್ಟು ಅಂದಾಜಿನಲ್ಲೂ ಅದು ಹೆಚ್ಚುಕಡಿಮೆ ಶೂನ್ಯಕ್ಕಿಳಿದಿರಬೇಕು. ಲೂಪಸ್‌ಗೆ ಕೊಡುವ ಮುಖ್ಯ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ ನುಂಗುತ್ತಿರಬಹುದು, ದಿನಕ್ಕೆ 5 ಮಿಲಿಗ್ರಾಂವರೆಗೆ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಇರಬಹುದು, ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕುವ ಔಷಧಿಯೂ ನಡೆಯುತ್ತಿರಬಹುದು. ಅಷ್ಟಿದ್ದೂ ಅದು ರೆಮಿಷನ್ನೇ. ಇನ್ನೊಂದು ವಿಷಯ ಗಮನಿಸಿ: ರಕ್ತದ ಆ್ಯಂಟಿಬಾಡಿ ವರದಿ ಸರಿಹೋಗಲೇಬೇಕೆಂಬ ಷರತ್ತು ಅದರಲ್ಲಿಲ್ಲ. ವರದಿಯಲ್ಲಿ ‘ಪಾಸಿಟಿವ್’ ಕಂಡು ಕಣ್ಣೀರಿಡುವ ಮನೆಯವರಿಗೂ, ‘ಔಷಧಿ ನಿಂತರೆ ತಾನೇ ವಾಸಿಯಾದಂತೆ’ ಎಂದು ವಾದಿಸುವ ಬಂಧುಗಳಿಗೂ ಇದನ್ನು ಓದಿ ಹೇಳಬೇಕು.

ಮಾತ್ರೆ ಬಿಟ್ಟರೆ ಏನಾಗುತ್ತದೆ? ಕೆನಡಾದ ವೈದ್ಯರು 1991ರಲ್ಲೇ ಉತ್ತರ ಕೊಟ್ಟಿದ್ದಾರೆ. ಕಾಯಿಲೆ ಹತೋಟಿಯಲ್ಲಿದ್ದ 47 ಮಂದಿಯಲ್ಲಿ 25 ಜನಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮುಂದುವರಿಸಿ, ಉಳಿದ 22 ಜನಕ್ಕೆ ಅದೇ ರೂಪದ, ಔಷಧಿಯಿಲ್ಲದ ಮಾತ್ರೆ ಕೊಟ್ಟರು. ಔಷಧಿ ಇದ್ದವರಲ್ಲಿ 9 ಜನಕ್ಕೆ ರೋಗ ಕೆರಳಿತು. ಔಷಧಿ ಬಿಟ್ಟವರಲ್ಲಿ 16 ಜನಕ್ಕೆ. ಆರು ತಿಂಗಳೊಳಗೆ. ಸ್ಟಿರಾಯ್ಡ್‌ನದು ಇನ್ನೂ ಬಿರುಸು: ತಿಂಗಳುಗಟ್ಟಲೆ ತೆಗೆದುಕೊಂಡದ್ದನ್ನು ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಯಾವುದನ್ನು ಎಷ್ಟು ಇಳಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ತೀರ್ಮಾನಿಸಬೇಕಾದವರು ಆಕೆ ಮತ್ತು ಆಕೆಯ ವೈದ್ಯರು. ನೀವೂ ಅಲ್ಲ, ನಾನೂ ಅಲ್ಲ, ‘ಮೂರೇ ತಿಂಗಳಲ್ಲಿ ಬೇರುಸಹಿತ ಕೀಳುತ್ತೇವೆ’ ಎಂದು ಪುಡಿ ಮಾರುವವನಂತೂ ಅಲ್ಲವೇ ಅಲ್ಲ. ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಪತ್ತೆಯಾಗಿದೆ.

ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಕಣ್ಣು ಹೋಗುತ್ತದೆಂಬ ಭಯಕ್ಕೂ ಉತ್ತರವಿದೆ. ದೇಹದ ತೂಕದ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಮೀರದಂತೆ ಪ್ರಮಾಣ, ಶುರುವಿನಲ್ಲೊಮ್ಮೆ ಕಣ್ಣಿನ ತಪಾಸಣೆ, ಐದು ವರ್ಷ ಕಳೆದ ಮೇಲೆ ಪ್ರತಿವರ್ಷ. ಮೂತ್ರಪಿಂಡ ಮಾತ್ರ ನೋವಿಲ್ಲದೆ ಕೆಡುತ್ತದೆ. ಕಾಲು ಊದಿದಾಗ, ಮೂತ್ರ ನೊರೆಯಾದಾಗ ತಿಳಿಯುವಷ್ಟರಲ್ಲಿ ಎಷ್ಟೋ ಹಾನಿ ಆಗಿಹೋಗಿರುತ್ತದೆ. ಆರಾಮಾಗಿದ್ದಾಗಲೂ ಮೂತ್ರ ಪರೀಕ್ಷೆ ಬಿಡಬಾರದು ಎನ್ನುವುದು ಅದಕ್ಕೇ. ಅದೇನೂ ದುಬಾರಿ ಪರೀಕ್ಷೆಯಲ್ಲ.

ಹೆಣ್ಣು ಹೆತ್ತವರಿಗೆ ಒಂದು ಮಾತು. ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡಬೇಡಿ. ಬಚ್ಚಲಮನೆಯಲ್ಲಿ ಕದ್ದು ನುಂಗುವ ಮಾತ್ರೆ ಬಹಳ ದಿನ ನಡೆಯುವುದಿಲ್ಲ. ಒಂದು ದಿನ ತಪ್ಪುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಗಂಡಿನ ಕಡೆಯವರಿಗೆ ಎರಡು ಮಾತು. ಕಾಯಿಲೆ ಕನಿಷ್ಠ ಆರು ತಿಂಗಳು ತಣ್ಣಗಿದ್ದು, ಗರ್ಭಕ್ಕೆ ಅಪಾಯವಾಗುವ ಔಷಧಿಗಳನ್ನು ವೈದ್ಯರು ಮೊದಲೇ ಬದಲಿಸಿದ್ದರೆ, ಬಹಳಷ್ಟು ಹೆಣ್ಣುಮಕ್ಕಳು ತಾಯಂದಿರಾಗಬಹುದು. ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನು ಬಸಿರಿನಲ್ಲೂ ಮುಂದುವರಿಸುತ್ತಾರೆ. ‘ಮದುವೆಯಾಗಿ ವರ್ಷವಾಯಿತು, ಇನ್ನೂ ಏನೂ ಇಲ್ಲವಾ’ ಎಂಬ ಅವಸರವನ್ನು ದಯವಿಟ್ಟು ನಿಮ್ಮಲ್ಲೇ ಇಟ್ಟುಕೊಳ್ಳಿ.

ಸುಸ್ತಿನ ಬಗ್ಗೆ ಏನು ಹೇಳಲಿ! ರಾತ್ರಿಯಿಡೀ ಮಲಗಿದರೂ ಆರದ ಸುಸ್ತು ಅದು, ಕಾಯಿಲೆ ತಣ್ಣಗಿದ್ದಾಗಲೂ ಕೆಲವರನ್ನು ಬಿಡುವುದಿಲ್ಲ. ಸ್ಟಿರಾಯ್ಡ್‌ನಿಂದ ಮುಖ ದುಂಡಗಾದರೆ ‘ಮೈ ತುಂಬಿಕೊಂಡಿದ್ದೀಯ’ ಅನ್ನುತ್ತೇವೆ, ಕೂತರೆ ಮೈಗಳ್ಳಿ ಅನ್ನುತ್ತೇವೆ. ಬಿಸಿಲು ಕಾಯಿಲೆಯನ್ನು ಕೆರಳಿಸುತ್ತದೆ. ಆಟದ ಮೈದಾನದಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾದ ಶಿಕ್ಷಕಿಗೆ, ಮನೆಮನೆ ಸಮೀಕ್ಷೆಗೆ ಅಲೆಯುವ ಅಂಗನವಾಡಿ ಕಾರ್ಯಕರ್ತೆಗೆ ನೆರಳಿನ ಕೆಲಸ ಕೊಡುವುದಕ್ಕೆ ಯಾವ ಸರ್ಕಾರದ ಬೊಕ್ಕಸವೂ ಖಾಲಿಯಾಗದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಲೂಪಸ್‌ನ ಹೆಸರಿಲ್ಲ. ಹಾಗಾಗಿ ಸದ್ಯಕ್ಕೆ ಆಕೆಯ ಕೆಲಸ ಉಳಿಯುವುದು ಮುಖ್ಯೋಪಾಧ್ಯಾಯರ, ಮೇಲ್ವಿಚಾರಕರ ಮರ್ಜಿಯಿಂದ.

2020ರ ಮಾರ್ಚ್ ನೆನಪಿದೆಯೇ? ಕೊರೊನಾಗೆ ಮದ್ದೆಂಬ ಸುದ್ದಿ ಹಬ್ಬಿದ್ದೇ ತಡ, ಏನೂ ಆಗದವರೂ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಂಡು ಬೀರುವಿನಲ್ಲಿಟ್ಟೆವು. ಲೂಪಸ್ ರೋಗಿಗಳು ಚೀಟಿ ಹಿಡಿದು ಮೆಡಿಕಲ್ ಶಾಪಿನಿಂದ ಶಾಪಿಗೆ ಅಲೆದರು. ಅದೇ ತಿಂಗಳು ಸರ್ಕಾರ ಅದರ ಮಾರಾಟದ ನಿಯಮ ಬಿಗಿ ಮಾಡಬೇಕಾಯಿತು. ಆಮೇಲಿನ ದೊಡ್ಡ ಪ್ರಯೋಗಗಳು ಆಸ್ಪತ್ರೆ ಸೇರಿದ ಕೊರೊನಾ ರೋಗಿಗಳಿಗೆ ಅದರಿಂದ ಲಾಭವಿಲ್ಲವೆಂದು ತೋರಿಸಿದವು. ಆ ಹೆಣ್ಣುಮಕ್ಕಳಿಗೆ ನಾವು ಒಂದು ಋಣ ತೀರಿಸುವುದಿದೆ.

ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಮಾತ್ರೆ ವರ್ಷವಿಡೀ ಸಿಗಬೇಕು, ವಾರಕ್ಕೊಮ್ಮೆಯಾದರೂ ಸಂಧಿವಾತ ತಜ್ಞರು ಬರಬೇಕು ಎಂದು ನಿಮ್ಮ ಶಾಸಕರನ್ನು ಕೇಳಿ. ಇನ್ನು ಗಂಡಂದಿರೇ, ಅಣ್ಣತಮ್ಮಂದಿರೇ, ಮುಂದಿನ ತಪಾಸಣೆಗೆ ಆಕೆಯೊಬ್ಬಳನ್ನೇ ಬಸ್ಸು ಹತ್ತಿಸಬೇಡಿ. ಜತೆಗೆ ಹೋಗಿ. ಹೊರಗಿನ ಬೆಂಚಿನ ಮೇಲೆ ಮೊಬೈಲು ನೋಡುತ್ತ ಕೂರದೆ ಒಳಗೂ ಹೋಗಿ, ವೈದ್ಯರು ಹೇಳುವುದನ್ನು ನೀವೂ ಕೇಳಿಸಿಕೊಳ್ಳಿ.